ಮೂರನೆಯವರು ಯಾರು?

2022ನೆಯ ಇಸವಿಯ ಸೆಪ್ಟೆಂಬರ್ 18ರಂದು ಕಲಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಬೆಂಗಳೂರಿನ ಕಾಲ್ಚೆಂಡಿನ ತಂಡವು ಮುಂಬಯಿಯ ತಂಡವನ್ನು 2–1ರಿಂದ ಸೋಲಿಸಿ ಡ್ಯುರಾಂಡ್ ಕಪ್ಪನ್ನು ಗೆದ್ದಿತು. 1888ರಲ್ಲಿ ಆರಂಭವಾದ ಆ ಪಂದ್ಯಾವಳಿಯು ಏಷ್ಯಾಖಂಡದಲ್ಲಿ ಎಲ್ಲಕ್ಕಿಂತ ಹಳೆಯದು. ಪಾರಿತೋಷಕವನ್ನು ಪಡೆಯಲು ತಂಡದ ನಾಯಕನಾದ ಸುನಿಲ್ ಛೇತ್ರಿಯು ವೇದಿಕೆಯ ಮೇಲೆ ಬಂದು ನಿಂತನು. ಪಾರಿತೋಷಕವನ್ನು ಕೊಡಲು ಬಂದಿದ್ದ ಅಂದಿನ ಬಂಗಾಳದ ರಾಜ್ಯಪಾಲರು, ಛಾಯಾಚಿತ್ರವನ್ನು ತೆಗೆಯುವ ಹೊತ್ತಿಗೆ, ಆ ನಾಯಕನನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು. ಗೆದ್ದವನು ಹಿಂದಾದನು, ಕೊಟ್ಟವರು ಮುಂದಾದರು. ದೇಶವೆಲ್ಲ ಆ ಚಿತ್ರವನ್ನು ಕಂಡು ಎರಡು ದಿನ ನಕ್ಕು ಮರೆತಿತು.

ಅದು ನಕ್ಕು ಮರೆಯತಕ್ಕ ಸಂಗತಿಯಲ್ಲ. ಕಾಲ್ಚೆಂಡಾಟದ ಆಡಳಿತವು ಈ ದೇಶದಲ್ಲಿಯೂ ಜಗತ್ತಿನಲ್ಲಿಯೂ ಯಾವ ಸ್ಥಿತಿಗೆ ಬಂದಿದೆಯೆಂಬುದನ್ನು ಆ ಒಂದು ಕೈಯ ಚಲನೆಯು ನೂರು ಪುಟದ ವರದಿಗಿಂತ ಸ್ಪಷ್ಟವಾಗಿ ತೋರಿಸಿತು. ಆಡುವವನನ್ನು ಪಕ್ಕಕ್ಕೆ ಸರಿಸಿ ಆಳುವವನು ಮುಂದೆ ನಿಲ್ಲುವುದು, ಹಾಗೆ ನಿಲ್ಲುವುದನ್ನೇ ನಿಯಮವೆಂದು ಕರೆಯುವುದು, ಇದೇ ಆ ಆಡಳಿತದ ಸಾರ.

ಇಲ್ಲಿ ಗುರುಮಠಕಲ್ಲಿನಂತಹ ಊರಿನ ಗೃಹಸ್ಥರು ಒಂದು ಪೂರ್ವಪಕ್ಷವನ್ನು ಎತ್ತಬಹುದು. “ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಟ್ಟಣದಲ್ಲಿ ಕುಳಿತವರು ಲಂಚ ತಿಂದರೆ ತೊಗರಿ ಬೆಳೆಯುವ ಈ ಸೀಮೆಗೆ ಬಂದ ಬಾಧೆಯೇನು? ಇಲ್ಲಿ ಮಳೆ ಬಂದರೆ ಬೆಳೆ, ಬಾರದಿದ್ದರೆ ಗುಳೆ. ಚೆಂಡಿನ ಚಿಂತೆ ಹೊಟ್ಟೆ ತುಂಬಿದವರಿಗಿರಲಿ.” ಆಕ್ಷೇಪವು ಸಹಜವಾದದ್ದು; ಅದಕ್ಕೆ ಸಮಾಧಾನವನ್ನು ಹೇಳಲೇಬೇಕು. ಆದರೆ ಮೊದಲು ಜ್ಯೂರಿಕ್ಕಿನಲ್ಲಿ ನಡೆದುದೇನೆಂಬುದನ್ನು ತಿಳಿಯುವುದು ಒಳ್ಳೆಯದು.

1904ರ ಮೇ 21ರಂದು ಪ್ಯಾರಿಸಿನಲ್ಲಿ ಹುಟ್ಟಿದ ಫಿಫಾ ಎಂಬ ಸಂಸ್ಥೆಯು ಈಗ 211 ಸದಸ್ಯ ಸಂಘಗಳ ಮೇಲೆ ಅಧಿಕಾರ ನಡೆಸುತ್ತದೆ. ಇಷ್ಟು ಸಂಘಗಳು ತಾವಾಗಿ ತಲೆಬಾಗುವ ಸಿಂಹಾಸನವು ಭೂಮಿಯ ಮೇಲೆ ಬೇರೆ ಎಲ್ಲಿದೆ? ಅದಕ್ಕೆ ಸೇನೆಯಿಲ್ಲ, ನೆಲವಿಲ್ಲ. ಆದರೂ ಅದರ ಒಂದು ಪತ್ರಕ್ಕೆ ಸರಕಾರಗಳು ನಡುಗುತ್ತವೆ. ದೊಡ್ಡ ಸಂಘವಾಗಲಿ ಚಿಕ್ಕ ದ್ವೀಪವಾಗಲಿ ಪ್ರತಿಯೊಂದಕ್ಕೂ ಒಂದೇ ಮತ. ನೋಡುವುದಕ್ಕೆ ಇದು ಸಮತೆಯ ಪರಾಕಾಷ್ಠೆ. ನಡೆದುಬಂದ ರೀತಿಯಲ್ಲಿ ಇದು ಮತಗಳ ಸಂತೆ. 2011ರ ಮೇ ತಿಂಗಳಲ್ಲಿ, ಅಧ್ಯಕ್ಷರ ಚುನಾವಣೆಗೆ ಕೆಲವು ವಾರಗಳು ಮಾತ್ರ ಉಳಿದಿರುವಾಗ, ಟ್ರಿನಿಡಾಡ್ ದ್ವೀಪದ ಒಂದು ಹೋಟೆಲಿನಲ್ಲಿ ತಮಗೆ ತಲಾ 40,000 ಡಾಲರುಗಳ ಲಕೋಟೆಗಳನ್ನು ಕೊಡಲಾಯಿತೆಂದು ಅಲ್ಲಿಗೆ ಹೋಗಿದ್ದ ಪದಾಧಿಕಾರಿಗಳೇ ಹೇಳಿದರು. ಆಗ ಸ್ಪರ್ಧಿಸಿದ್ದ ಏಷ್ಯಾದ ಮುಖ್ಯಸ್ಥರು ಹಿಂದೆ ಸರಿದರು. ಸೆಪ್ ಬ್ಲಾಟರರು ಜೂನ್ 1ರಂದು ಎದುರಾಳಿಯಿಲ್ಲದೆ ಆರಿಸಿಬಂದರು.

ಅದಕ್ಕೂ ಮುಂಚೆ, 2010ರ ಡಿಸೆಂಬರ್ 2ರಂದು, ಎರಡು ವಿಶ್ವಕಪ್ಪುಗಳನ್ನು ಒಂದೇ ದಿನ ಹಂಚಿದರು: 2018ರದು ರಷ್ಯಕ್ಕೆ, 2022ರದು ಕತಾರಿಗೆ. ಮತ ಹಾಕಬೇಕಾದವರು 24 ಮಂದಿ; ಹಾಕಿದವರು 22 ಮಂದಿ. ಉಳಿದ ಇಬ್ಬರು ಮತ ಮಾರಾಟದ ಆರೋಪದಲ್ಲಿ ಸಿಕ್ಕಿ ಅಮಾನತಾಗಿದ್ದರು. 2015ರ ಮೇ 27ರ ಬೆಳಗಿನ ಜಾವ ಜ್ಯೂರಿಕ್ಕಿನ ಒಂದು ವೈಭವದ ಹೋಟೆಲಿಗೆ ಪೋಲೀಸರು ಬಂದು ಏಳು ಮಂದಿ ಪದಾಧಿಕಾರಿಗಳನ್ನು ಹಿಡಿದರು. ಅಮೆರಿಕದ ಆರೋಪಪತ್ರದಲ್ಲಿ 14 ಹೆಸರುಗಳಿದ್ದವು. 24 ವರ್ಷಗಳ ಅವಧಿಯಲ್ಲಿ 15 ಕೋಟಿ ಡಾಲರಿಗೂ ಮಿಕ್ಕಿದ ಲಂಚದ ಮಾತಿತ್ತು. ಇದಾದ ಎರಡೇ ದಿನಗಳಿಗೆ ಬ್ಲಾಟರರು ಐದನೆಯ ಸಲ ಅಧ್ಯಕ್ಷರಾಗಿ ಆಯ್ಕೆಯಾದರು. ಮನೆಗೆ ಬೆಂಕಿ ಬಿದ್ದಾಗ ಯಜಮಾನನಿಗೆ ಹಾರ ಹಾಕುವ ಈ ಪದ್ಧತಿಯನ್ನು ಏನೆಂದು ಕರೆಯಬೇಕು? ಮತ್ತೆ ನಾಲ್ಕು ದಿನಗಳಲ್ಲಿ, ಜೂನ್ 2ರಂದು, ಅವರೇ ಪದವಿಯನ್ನು ಬಿಡುವುದಾಗಿ ಸಾರಿದರು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಧಿಕಾರಿಗಳು ರಾಜಧನವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಿದೆ. ಅಷ್ಟು ಹಿಂದೆಯೇ ನಲವತ್ತನ್ನು ಎಣಿಸಿದವನಿಗೆ ಇದು ಹೊಸ ಸುದ್ದಿಯಾಗುತ್ತಿರಲಿಲ್ಲ. ಆದರೆ ಅದೇ ಗ್ರಂಥದಲ್ಲಿ ವರ್ಷಕ್ಕೊಮ್ಮೆ ಆಷಾಢಮಾಸದಲ್ಲಿ ಅಧಿಕಾರಿಗಳು ಲೆಕ್ಕದ ಪುಸ್ತಕಗಳನ್ನು ಮುದ್ರೆಯೊತ್ತಿ ತಂದೊಪ್ಪಿಸಬೇಕೆಂಬ ವಿಧಿಯೂ ಇದೆ. ಕಳ್ಳತನವು ಹಳೆಯದು, ಲೆಕ್ಕ ಕೇಳುವ ಧರ್ಮವೂ ಅಷ್ಟೇ ಹಳೆಯದು. ಫಿಫಾದ ರಾಜ್ಯದಲ್ಲಿ ಮೊದಲನೆಯದು ಬೆಳೆಯಿತು, ಎರಡನೆಯದು ಒಣಗಿತು.

ಹೊಸ ಅಧ್ಯಕ್ಷರಾಗಿ 2016ರ ಫೆಬ್ರವರಿಯಲ್ಲಿ ಜಾನಿ ಇನ್‌ಫಾಂಟಿನೋ ಬಂದರು. ಸುಧಾರಣೆಯ ಹೆಸರಿನಲ್ಲಿ, ಅಧ್ಯಕ್ಷನಾದವನು ಮೂರು ಅವಧಿಗಳಿಗಿಂತ, ಎಂದರೆ 12 ವರ್ಷಗಳಿಗಿಂತ, ಹೆಚ್ಚು ಕಾಲ ಇರಕೂಡದೆಂಬ ನಿಯಮವೂ ಬಂದಿತು. ಸಂತೋಷ! ಆದರೆ 2022ರ ಡಿಸೆಂಬರಿನಲ್ಲಿ, 2016ರಿಂದ 2019ರ ವರೆಗಿನ ಅವರ 39 ತಿಂಗಳುಗಳು ಒಂದು ಪೂರ್ಣ ಅವಧಿಯಲ್ಲವಾದುದರಿಂದ ಅವು ಲೆಕ್ಕಕ್ಕೆ ಬಾರವೆಂದು ಅವರ ಪರಿಷತ್ತೇ ತೀರ್ಮಾನಿಸಿತು. ಆ ಗಣಿತದ ಪ್ರಕಾರ ಅವರು 2031ರ ವರೆಗೆ ಇರಬಹುದು. ನಾಲ್ಕನೆಯ ಇಯತ್ತೆಯ ಹುಡುಗನು ಮೂರು ವರ್ಷ ಮೂರು ತಿಂಗಳುಗಳನ್ನು ಸೊನ್ನೆಯೆಂದು ಬರೆದರೆ ಉಪಾಧ್ಯಾಯನು ಅಂಕ ಕೊಡಲಾರನು. ಜಗತ್ತಿನ ಕಾಲ್ಚೆಂಡಿನ ಪರಿಷತ್ತು ಅದಕ್ಕೆ ಪೂರ್ಣಾಂಕಗಳನ್ನು ಕೊಟ್ಟಿತು. 2024ರ ಡಿಸೆಂಬರ್ 11ರಂದು 2034ರ ವಿಶ್ವಕಪ್ಪನ್ನು ಸೌದಿ ಅರೇಬಿಯಕ್ಕೆ ಒಪ್ಪಿಸಿದ ಬಗೆಯೂ ಇಂತಹುದೇ. ಕಣದಲ್ಲಿದ್ದದ್ದು ಒಂದೇ ಅರ್ಜಿ. ಮತಗಳನ್ನು ಒಂದೊಂದಾಗಿ ಎಣಿಸದೆ ಕರತಾಡನದಿಂದ ಅದನ್ನು ಸ್ವೀಕರಿಸಿದರು.

ಇನ್ನು ಸ್ವದೇಶದ ಕಥೆ. ಜಗತ್ತಿನ ಸಂಸ್ಥೆಗೆ ಒಂದು ಪ್ರಿಯವಾದ ನಿಯಮವುಂಟು: ಸದಸ್ಯ ಸಂಘಗಳ ವ್ಯವಹಾರದಲ್ಲಿ “ಮೂರನೆಯವರು” ಕೈಹಾಕಕೂಡದು. ಈ ನಿಯಮವು ಭಾರತಕ್ಕೆ ಹೇಗೆ ಅನ್ವಯಿಸಿತೆಂಬುದನ್ನು ವಾಚಕರು ಕ್ರಮವಾಗಿ ಗಮನಿಸಬೇಕು.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷಪೀಠದಲ್ಲಿ 1988ರಿಂದ 2008ರ ವರೆಗೆ ಇಪ್ಪತ್ತು ವರ್ಷ ಪ್ರಿಯರಂಜನ ದಾಸಮುನ್ಶಿಯವರು ಕುಳಿತಿದ್ದರು. ಅವರ ತರುವಾಯ 2022ರ ವರೆಗೆ ಪ್ರಫುಲ್ಲ ಪಟೇಲರು. ಇಬ್ಬರೂ ಪಕ್ಷರಾಜಕಾರಣಿಗಳು, ಅಧ್ಯಕ್ಷರಾಗಿರುವಾಗಲೇ ಇಬ್ಬರೂ ಕೇಂದ್ರ ಮಂತ್ರಿಗಳೂ ಆಗಿದ್ದರು. ಮೂವತ್ತನಾಲ್ಕು ವರ್ಷ, ಇಬ್ಬರು ಅಧ್ಯಕ್ಷರು! ಅವರ ಕಾಲದಲ್ಲಿ ಒಳ್ಳೆಯ ಕೆಲಸಗಳೇ ಆಗಲಿಲ್ಲವೆಂದಲ್ಲ. 2017ರಲ್ಲಿ ಹದಿನೇಳು ವರ್ಷದೊಳಗಿನ ಬಾಲಕರ ವಿಶ್ವಕಪ್ಪು ಭಾರತದಲ್ಲಿ ನಡೆದುದು ಸಣ್ಣ ಸಂಗತಿಯಲ್ಲ. ಪ್ರಶ್ನೆಯು ಬೇರೆಯದು. ಒಬ್ಬ ಮಂತ್ರಿಯು ಸಂಘದ ಅಧ್ಯಕ್ಷನಾಗಿ ಕುಳಿತಾಗ ಜ್ಯೂರಿಕ್ಕಿನವರಿಗೆ ಅದರಲ್ಲಿ ಸರಕಾರದ ಹಸ್ತಕ್ಷೇಪವು ಒಂದು ದಿನವೂ ಕಾಣಲಿಲ್ಲ. ಪಟೇಲರ ಕೊನೆಯ ಅವಧಿಯು 2020ರ ಡಿಸೆಂಬರಿನಲ್ಲಿ ಮುಗಿದು, ಚುನಾವಣೆ ನಡೆಯದೆ ಹದಿನೇಳು ತಿಂಗಳು ಕಳೆದಾಗಲೂ ಕಾಣಲಿಲ್ಲ. 2022ರ ಮೇ 18ರಂದು ಸುಪ್ರೀಂ ಕೋರ್ಟು ಆ ಸಮಿತಿಯನ್ನು ಇಳಿಸಿ ಮೂವರ ಆಡಳಿತ ಸಮಿತಿಯನ್ನು ನೇಮಿಸಿತು. ಪ್ರಸಿದ್ಧರಾದ 36 ಮಂದಿ ಮಾಜಿ ಆಟಗಾರರಿಗೂ ಮತದಾನದ ಹಕ್ಕು ಸಿಗುವಂತೆ ಚುನಾವಣೆಗೆ ಸಿದ್ಧತೆ ನಡೆಯಿತು. ಆಗ ಮಾತ್ರ ಕಣ್ಣು ತೆರೆಯಿತು. ಆಗಸ್ಟ್ 15ರಂದು, ಭಾರತವು ಸ್ವತಂತ್ರವಾಗಿ 75 ವರ್ಷ ತುಂಬಿದ ದಿನವೇ, ಮೂರನೆಯವರ ಅನುಚಿತ ಪ್ರಭಾವವೆಂಬ ಕಾರಣ ಕೊಟ್ಟು ಫಿಫಾ ಭಾರತವನ್ನು ಅಮಾನತುಗೊಳಿಸಿತು.

ಶಿಕ್ಷೆಯು ಬಿದ್ದುದು ಯಾರ ಮೇಲೆ? ಪದಾಧಿಕಾರಿಗಳ ಮೇಲಲ್ಲ. ಕೇರಳದ ಗೋಕುಲಂ ತಂಡದ ಹೆಣ್ಣುಮಕ್ಕಳು ಏಷ್ಯಾದ ಪಂದ್ಯಾವಳಿಗೆಂದು ಆಗ ತಾನೇ ತಾಷ್ಕೆಂಟಿಗೆ ಹೋಗಿ ಇಳಿದಿದ್ದರು. ಅವರು ಒಂದು ಪಂದ್ಯವನ್ನೂ ಆಡದೆ ಮರಳಬೇಕಾಯಿತು. ಅಕ್ಟೋಬರಿನಲ್ಲಿ ಭಾರತದಲ್ಲಿ ನಡೆಯಬೇಕಿದ್ದ ಹದಿನೇಳು ವರ್ಷದೊಳಗಿನ ಬಾಲಿಕೆಯರ ವಿಶ್ವಕಪ್ಪು ಕೈತಪ್ಪುವ ಭಯವುಂಟಾಯಿತು. ಮಕ್ಕಳನ್ನು ಒತ್ತೆಯಾಗಿಟ್ಟ ಮೇಲೆ ಯಾವ ನ್ಯಾಯಾಲಯವು ತಾನೇ ಹಟ ಹಿಡಿದೀತು? ಆಗಸ್ಟ್ 22ರಂದು ಸುಪ್ರೀಂ ಕೋರ್ಟು ತಾನೇ ನೇಮಿಸಿದ ಸಮಿತಿಯನ್ನು ವಿಸರ್ಜಿಸಿತು. ಆಟಗಾರರ ಹೆಸರುಗಳು ಮತದಾರರ ಪಟ್ಟಿಯಿಂದ ಹೊರಗಾದವು. 26ರಂದು ಅಮಾನತು ತೆರವಾಯಿತು. ಸೆಪ್ಟೆಂಬರ್ 2ರಂದು ಚುನಾವಣೆಯಾಯಿತು. ಅನೇಕ ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿದ ಬೈಚುಂಗ್ ಭುಟಿಯಾರಿಗೆ ಬಂದ ಮತ ಒಂದು. ಹಿಂದೆ ಗೋಲ್‌ರಕ್ಷಕರಾಗಿದ್ದು ಬಳಿಕ ರಾಜಕೀಯಕ್ಕೆ ಬಂದ ಭಾರತೀಯ ಜನತಾ ಪಕ್ಷದ ಕಲ್ಯಾಣ ಚೌಬೆಯವರಿಗೆ ಬಂದ ಮತ 33. ಉಪಾಧ್ಯಕ್ಷರಾಗಿ ಆರಿಸಿಬಂದವರು ಕರ್ನಾಟಕದ ಸಂಸ್ಥೆಯ ಅಧ್ಯಕ್ಷರೂ ಬೆಂಗಳೂರಿನ ಶಾಂತಿನಗರದ ಕಾಂಗ್ರೆಸ್ ಶಾಸಕರೂ ಆದ ಎನ್. ಎ. ಹ್ಯಾರಿಸರು. ವಿಧಾನಸಭೆಯಲ್ಲಿ ಪರಸ್ಪರ ಮುಖ ನೋಡದ ಪಕ್ಷಗಳು ಈ ಪಂಕ್ತಿಯಲ್ಲಿ ಪಕ್ಕಪಕ್ಕದಲ್ಲಿಯೇ ಎಲೆ ಹಾಕಿಸಿಕೊಳ್ಳುತ್ತವೆ.

ಇದು ವ್ಯಕ್ತಿನಿಂದೆಯಲ್ಲ; ವ್ಯವಸ್ಥೆಯ ವಿಚಾರ. ನ್ಯಾಯಾಧೀಶನು ಮೂರನೆಯವನು, ಆಟಗಾರನು ಮೂರನೆಯವನು, ಹಣ ಕೊಟ್ಟು ನೋಡುವವನು ಮೂರನೆಯವನು. ಮಂತ್ರಿ ಮತ್ತು ಶಾಸಕರು ಮಾತ್ರ ಮನೆಯವರು! ಇದಕ್ಕಿಂತ ವಿಪರೀತವಾದ ಬಾಂಧವ್ಯದ ಪಟ್ಟಿಯನ್ನು ಯಾವ ಧರ್ಮಶಾಸ್ತ್ರವೂ ಬರೆದಿಲ್ಲ. ರಾಜಕಾರಣವನ್ನು ಆಟದಿಂದ ದೂರವಿಡುವೆವೆಂಬ ಆ ಸಂಸ್ಥೆಯೇ 2025ರ ಡಿಸೆಂಬರ್ 5ರಂದು ವಾಷಿಂಗ್ಟನ್ನಿನಲ್ಲಿ ತಾನೇ ಹೊಸದಾಗಿ ಸ್ಥಾಪಿಸಿದ ಶಾಂತಿಪಾರಿತೋಷಕವನ್ನು ಅಮೆರಿಕದ ಅಧ್ಯಕ್ಷರಾದ ಡೊನಾಲ್ಡ್ ಟ್ರಂಪರಿಗೆ ಒಪ್ಪಿಸಿತು. ರಾಜಕಾರಣವು ಬಾಗಿಲಿನಿಂದ ಬಂದರೆ ಸನ್ಮಾನ. ನ್ಯಾಯವು ಬಾಗಿಲು ತಟ್ಟಿದರೆ ಹಸ್ತಕ್ಷೇಪ.

ಈಗ ಗುರುಮಠಕಲ್ಲಿನ ಗೃಹಸ್ಥರ ಆಕ್ಷೇಪಕ್ಕೆ ಸಮಾಧಾನ. ಮೊದಲನೆಯದು ಕೂಲಿಯವರ ವಿಚಾರ. ಗಡಿಯಾಚೆಯ ತೆಲಂಗಾಣದಿಂದ ಕೊಲ್ಲಿಯ ದೇಶಗಳಿಗೆ ದುಡಿಯಲು ಹೋದವರು ಅಸಂಖ್ಯರು. ಗುಳೆಯ ನೋವು ಈ ಸೀಮೆಯ ಮನೆಗಳಿಗೂ ಗೊತ್ತು. ಕತಾರಿಗೆ ವಿಶ್ವಕಪ್ಪು ಸಿಕ್ಕಿದ ದಿನದಿಂದ ಹತ್ತು ವರ್ಷಗಳಲ್ಲಿ ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕೆಗಳಿಂದ ಹೋದ 6,500ಕ್ಕೂ ಹೆಚ್ಚು ಕೆಲಸಗಾರರು ನಾನಾ ಕಾರಣಗಳಿಂದ ಅಲ್ಲಿ ಸತ್ತರೆಂದು 2021ರಲ್ಲಿ ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಯು ಲೆಕ್ಕ ಹಾಕಿತು. ಆ ಸಂಖ್ಯೆಯೆಲ್ಲ ವಿಶ್ವಕಪ್ಪಿನ ಕೆಲಸಕ್ಕೆ ಸೇರಿದುದಲ್ಲವೆಂಬ ವಾದವುಂಟು. 2022ರಲ್ಲಿ ಕತಾರಿನ ಅಧಿಕಾರಿಯೊಬ್ಬರು ಹೇಳಿದ ಸಂಖ್ಯೆಯು 400ರಿಂದ 500. ಅದನ್ನೇ ಒಪ್ಪೋಣ. ನಾಲ್ಕುನೂರು ಮನೆಗಳ ಮಗ್ಗುಲಲ್ಲಿ ದೀಪ ಆರಿತು. 22 ಜನರು ಕೋಣೆಯೊಳಗೆ ಹಾಕಿದ ಮತದ ಚೀಟಿಯು ಕೂಲಿಕಾರನ ಗುಡಿಸಲಿನ ವರೆಗೆ ಬರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎರಡನೆಯದು ಕನ್ನಡಿಗರ ಆಟದ ವಿಚಾರ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಫ್ರಾನ್ಸಿನ ಮೇಲೆ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು. ಮೈಸೂರಿನ ತಂಡವು ನಾಲ್ಕು ಸಲ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. ಅಲ್ಲಿಂದ 54 ವರ್ಷಗಳ ಬರಗಾಲದ ತರುವಾಯ, 2023ರ ಮಾರ್ಚ್ 4ರಂದು, ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ ಅದನ್ನು ಮರಳಿ ತಂದಿತು. ಎಲ್ಲಿ? ಬೆಂಗಳೂರಿನಲ್ಲಲ್ಲ, ಷಿಲ್ಲಾಂಗಿನಲ್ಲಲ್ಲ, ಸೌದಿ ಅರೇಬಿಯದ ರಿಯಾದ್ ಪಟ್ಟಣದಲ್ಲಿ! ಭಾರತದ ಎರಡು ರಾಜ್ಯಗಳ ಮಕ್ಕಳು ತಮ್ಮ ಜನರ ಕಣ್ಣಿಗೆ ಕಾಣದಂತೆ ಮರುಭೂಮಿಯಲ್ಲಿ ಕೂಡಿ ಆಡಿದರು. ಅದಕ್ಕೆ ಮೂರು ತಿಂಗಳ ಹಿಂದೆ, 2022ರ ಡಿಸೆಂಬರಿನಲ್ಲಿ, ಭಾರತವು 2027ರ ಏಷ್ಯಾ ಕಪ್ಪಿನ ಆತಿಥ್ಯಕ್ಕೆ ಹಾಕಿದ್ದ ಅರ್ಜಿಯನ್ನು ಹಿಂತೆಗೆದುಕೊಂಡಿತ್ತು. ಉಳಿದ ಒಂದೇ ಅರ್ಜಿಯು ಸೌದಿಯದು, 2023ರ ಫೆಬ್ರವರಿಯಲ್ಲಿ ಅದಕ್ಕೇ ಆತಿಥ್ಯವು ಸಿಕ್ಕಿತು. ಈ ಕ್ರಮವನ್ನು ಕಂಡು ಕರ್ನಾಟಕದ ಅಭಿಮಾನಿಯು ವಿವರಣೆ ಕೇಳಬೇಕಾಗಿತ್ತು. ಕಪ್ಪಿನ ಮೆರವಣಿಗೆಯಲ್ಲಿ ಕೇಳುವ ಬಾಯಿ ಮುಚ್ಚಿಹೋಯಿತು.

ಮೂರನೆಯದು ಅನ್ನದ ವಿಚಾರ. 2010ರಲ್ಲಿ ಫೆಡರೇಷನ್ ತನ್ನ ವಾಣಿಜ್ಯದ ಹಕ್ಕುಗಳನ್ನು ಹದಿನೈದು ವರ್ಷಗಳ ಕಾಲಕ್ಕೆ 700 ಕೋಟಿ ರೂಪಾಯಿಗೆ ಒಂದು ಕಂಪನಿಗೆ ಒಪ್ಪಿಸಿತ್ತು. ಆ ಅವಧಿಯು 2025ರ ಡಿಸೆಂಬರಿನಲ್ಲಿ ಮುಗಿಯುವುದೆಂದು ಹದಿನೈದು ವರ್ಷ ಮುಂಚೆಯೇ ಎಲ್ಲರಿಗೂ ತಿಳಿದಿತ್ತು. ಆದರೂ ಮುಂದಿನ ಏರ್ಪಾಟು ಆಗಲಿಲ್ಲ, ಲೀಗು ನಿಂತಿತು, ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ತಂಡವು ತನ್ನ ಆಟಗಾರರ ಮತ್ತು ನೌಕರರ ಸಂಬಳವನ್ನು ಅನಿರ್ದಿಷ್ಟ ಕಾಲದ ವರೆಗೆ ತಡೆಹಿಡಿಯಿತು. ಇದರಲ್ಲಿ ನ್ಯಾಯಾಲಯದ ನಿಧಾನದ ಪಾಲೂ ಇದೆಯೆಂಬುದನ್ನು ಮುಚ್ಚಿಡತಕ್ಕದ್ದಲ್ಲ. 2017ರಲ್ಲಿ ಆರಂಭವಾದ ಸಂವಿಧಾನರಚನೆಯ ಕೆಲಸಕ್ಕೆ ಸುಪ್ರೀಂ ಕೋರ್ಟಿನ ಒಪ್ಪಿಗೆಯ ಮುದ್ರೆ ಬಿದ್ದುದು 2025ರ ಸೆಪ್ಟೆಂಬರ್ 19ರಂದು. ಎಂಟು ವರ್ಷಗಳಲ್ಲಿ ಹದಿನಾರರ ಹುಡುಗನು ಇಪ್ಪತ್ತನಾಲ್ಕರ ಯುವಕನಾಗುತ್ತಾನೆ. ಆಟಗಾರನಿಗೆ ಅದು ಅರ್ಧಾಯುಷ್ಯ.

ಆದರೆ ಪ್ರಬಲವಾದ ಪೂರ್ವಪಕ್ಷವು ಇನ್ನೊಂದಿದೆ. “ಮೂರನೆಯವರನ್ನು ತಡೆಯುವ ನಿಯಮವೇ ಇಲ್ಲದಿದ್ದರೆ ಪ್ರತಿಯೊಂದು ಸರಕಾರವೂ ಸಂಘವನ್ನು ನುಂಗೀತು, ಸರ್ವಾಧಿಕಾರಿಗಳು ತಮ್ಮ ಮಕ್ಕಳನ್ನು ತಂಡಕ್ಕೆ ಸೇರಿಸಿಯಾರು” ಎಂದು ಹೇಳುವರು. ಇದು ನಿಜ. ಬೇಲಿಯು ಬೇಕು. ಆದರೆ ಬೇಲಿಯು ಹೊಲಕ್ಕಾಗಿ ಇರುವುದೇ ಹೊರತು ಬೇಲಿಯೊಳಗೆ ಸೇರಿಕೊಂಡ ಹಂದಿಗಾಗಿ ಅಲ್ಲ. ಸ್ವಾತಂತ್ರ್ಯವು ಬೇರೆ, ಸ್ವೈರಾಚಾರವು ಬೇರೆ. ಲೆಕ್ಕ ಒಪ್ಪಿಸುವವನ ಸ್ವಾತಂತ್ರ್ಯವನ್ನು ಮಾತ್ರ ಲೋಕವು ರಕ್ಷಿಸಬೇಕು; ಯಾರಿಗೂ ಉತ್ತರ ಹೇಳದವನು ಕೇಳುವ ಸ್ವಾತಂತ್ರ್ಯವು ಕಳ್ಳನು ಕತ್ತಲೆಯನ್ನು ಕೇಳಿದಂತೆ.

ಉತ್ತಮ ಆಡಳಿತವು ಅಸಾಧ್ಯವೇನೂ ಅಲ್ಲ. ಗುರುಮಠಕಲ್ಲು 1956ರ ವರೆಗೆ ಸೇರಿದ್ದ ಹೈದರಾಬಾದ್ ರಾಜ್ಯದಲ್ಲಿಯೇ ಅದಕ್ಕೆ ನಿದರ್ಶನವಿದೆ. ಸೈಯದ್ ಅಬ್ದುಲ್ ರಹೀಮರು ವೃತ್ತಿಯಿಂದ ಶಾಲೆಯ ಉಪಾಧ್ಯಾಯರು. 1943ರಲ್ಲಿ ಹೈದರಾಬಾದಿನ ಫುಟ್‌ಬಾಲ್ ಸಂಘದ ಕಾರ್ಯದರ್ಶಿಗಳಾದರು. ಅವರ ಶಿಕ್ಷಣದಲ್ಲಿ ಭಾರತವು 1951ರಲ್ಲಿಯೂ 1962ರಲ್ಲಿಯೂ ಏಷ್ಯಾದ ಕ್ರೀಡೆಗಳಲ್ಲಿ ಚಿನ್ನವನ್ನು ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆಯಿತು. ಜಕಾರ್ತದ ವಿಜಯವಾದ ಮರುವರ್ಷ, 1963ರಲ್ಲಿ, ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಅನಂತರ ಆ ಚಿನ್ನವು ಮತ್ತೆ ಬರಲಿಲ್ಲ. ಅವರೂ ಇಪ್ಪತ್ತು ವರ್ಷ ಒಂದೇ ಪದವಿಯಲ್ಲಿದ್ದರಲ್ಲವೇ ಎಂದು ಕೇಳುವವರುಂಟು. ಹೌದು, ಆದುದರಿಂದಲೇ ಸತ್ಪುರುಷನ ಭಾಗ್ಯದ ಮೇಲೆ ಸಂಸ್ಥೆಯನ್ನು ಕಟ್ಟಕೂಡದು. ಸತ್ಪುರುಷನು ಹೋದ ಮೇಲೆ ಉಳಿಯತಕ್ಕದ್ದು ನಿಯಮ.

ಆ ನಿಯಮವು ಯಾವುದೆಂಬುದು ಈ ನೆಲಕ್ಕೆ ಹೊಸದಲ್ಲ. ಹತ್ತನೆಯ ಶತಮಾನದ ಆದಿಯಲ್ಲಿ ತಮಿಳುನಾಡಿನ ಉತ್ತರಮೇರೂರಿನ ಜನರು ಕಲ್ಲಿನ ಮೇಲೆ ಕೆತ್ತಿಸಿದ ಶಾಸನದಲ್ಲಿ, ಗ್ರಾಮಸಭೆಯ ಸಮಿತಿಯಲ್ಲಿ ಹಿಂದಿನ ಮೂರು ವರ್ಷ ಇದ್ದವನು ಮತ್ತೆ ಬರಲಾಗದೆಂದೂ, ಲೆಕ್ಕ ಒಪ್ಪಿಸದವನೂ ಅವನ ಬಂಧುಗಳೂ ಅನರ್ಹರೆಂದೂ ಇದೆ. ಸಾವಿರ ವರ್ಷಗಳ ಹಿಂದೆ ಒಂದು ಹಳ್ಳಿಯು ತಿಳಿದುಕೊಂಡಿದ್ದನ್ನು 211 ಸಂಘಗಳ ಸಾಮ್ರಾಜ್ಯವು ಇನ್ನೂ ಕಲಿಯಬೇಕಾಗಿದೆ. 2025ರ ಆಗಸ್ಟಿನಲ್ಲಿ ಭಾರತದ ಸಂಸತ್ತು ಕ್ರೀಡಾ ಆಡಳಿತದ ಕಾನೂನನ್ನು ಮಾಡಿ, ರಾಷ್ಟ್ರೀಯ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಕಡಿಮೆಯೆಂದರೆ ನಾಲ್ವರು ಮಹಿಳೆಯರೂ ಇಬ್ಬರು ಶ್ರೇಷ್ಠ ಆಟಗಾರರೂ ಇರಬೇಕೆಂದು ವಿಧಿಸಿದೆ. ಇದು ಶುಭಾರಂಭ; ಆದರೆ ಸಾಲದು. ಆಟಗಾರರಿಗೆ ಕುರ್ಚಿ ಕೊಟ್ಟರಷ್ಟೇ ಸಾಲದು, ಮತ ಕೊಡಬೇಕು. ಶಾಸಕನೂ ಮಂತ್ರಿಯೂ ಆ ಪದವಿಯಲ್ಲಿರುವ ತನಕ ಸಂಘದ ಅಧ್ಯಕ್ಷನಾಗಕೂಡದು. ಮೂರನೆಯವರನ್ನು ತಡೆಯುವ ನಿಯಮವು ಮೊದಲು ಅವರಿಗೇ ತಗಲಬೇಕು. ವರ್ಷದ ಲೆಕ್ಕವನ್ನು ಆಯಾ ರಾಜ್ಯದ ಭಾಷೆಯಲ್ಲಿ ಅಚ್ಚುಮಾಡಿ ಯಾರು ಕೇಳಿದರೂ ಕೊಡಬೇಕು. ಸಂಘವು ತಪ್ಪಿದರೆ ಪದಾಧಿಕಾರಿಯನ್ನು ದಂಡಿಸಬೇಕೇ ಹೊರತು ತಾಷ್ಕೆಂಟಿಗೆ ಹೋದ ಹೆಣ್ಣುಮಕ್ಕಳನ್ನಲ್ಲ.

ಇವೆಲ್ಲ ಜ್ಯೂರಿಕ್ಕಿನಿಂದ ಇಳಿದು ಬರುವವೆಂದು ಕಾಯುತ್ತ ಕೂಡುವುದು ಮೌಢ್ಯ. ಜಗತ್ತಿನ ಸಂಸ್ಥೆಗೆ ರಾಷ್ಟ್ರದ ಸಂಘವು ಮತ ಕೊಡುತ್ತದೆ, ರಾಷ್ಟ್ರಕ್ಕೆ ರಾಜ್ಯದ ಸಂಘವು. ಹೀಗೆ ಒಂದರ ಕೆಳಗೊಂದು ಇಳಿದು ಬಂದರೆ ಕಡೆಯ ಮೆಟ್ಟಿಲು ಊರಿನಲ್ಲಿಯೇ ಸಿಗುತ್ತದೆ. ಊರಿನ ಕ್ರೀಡಾ ಸಂಘದಲ್ಲಿ, ಸಹಕಾರಿ ಸಂಘದಲ್ಲಿ, ಜಾತ್ರೆಯ ಸಮಿತಿಯಲ್ಲಿ ಒಬ್ಬನೇ ಯಜಮಾನನು ಇಪ್ಪತ್ತು ವರ್ಷ ಕುಳಿತಾಗ, “ದೊಡ್ಡವರು, ಲೆಕ್ಕ ಕೇಳುವುದು ಹೇಗೆ?” ಎಂದು ಸಂಕೋಚಪಡುವ ನಾಲಗೆಯೇ ಮೇಲಿನ ಎಲ್ಲ ಸಿಂಹಾಸನಗಳಿಗೂ ಆಧಾರ. ಸಂಜೆಯಲ್ಲಿ ಶಾಲೆಯ ಬಯಲಿನಲ್ಲಿ ಆಡುವ ಮಕ್ಕಳು ಮಾತ್ರ ಇಂದಿಗೂ ಆ ಸಂಕೋಚವನ್ನು ಕಲಿತಿಲ್ಲ. ಚೆಂಡು ಗೆರೆ ದಾಟಿದರೆ, ಅದನ್ನು ಹೊಡೆದವನು ಸಾಹುಕಾರನ ಮಗನೇ ಆಗಿರಲಿ, ಎಲ್ಲರಿಗಿಂತ ಚಿಕ್ಕವನು “ಹೊರಗೆ!” ಎಂದು ಕೂಗುತ್ತಾನೆ; ಆಟವು ನಿಲ್ಲುತ್ತದೆ. ಹಿರಿಯರು ವರ್ಷಕ್ಕೊಮ್ಮೆ, ತಮ್ಮ ಸಂಘದ ಸಭೆಯಲ್ಲಿ ಎದ್ದು ನಿಂತು, ಅಷ್ಟೇ ಗಟ್ಟಿಯಾಗಿ ಲೆಕ್ಕದ ಪುಸ್ತಕವನ್ನು ಕೇಳಲಿ.